ಘಾಟಿ ರೈಲಿನ ಕಕ್ಕಸು: ಫ್ಲಶ್ ಮಾಡಿದ ಮೇಲೆ ಏನಾಗುತ್ತದೆ?

ಹಾಸನ ಬಿಟ್ಟು ಆಲೂರು, ಬಾಳ್ಳುಪೇಟೆಗಳ ಕಾಫಿ ತೋಟಗಳ ನಡುವೆ ಹಾದುಬಂದ ರೈಲು ಸಕಲೇಶಪುರದಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ದೋಣಿಗಲ್ಲಿನತ್ತ ಹೊರಡುತ್ತದೆ. ಅಲ್ಲಿಂದಾಚೆಗೆ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಇರುವುದು 55 ಕಿಲೋಮೀಟರ್ ಮಾತ್ರ. ಆದರೆ ಅಷ್ಟು ದಾರಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಯುವ ಕಡಿದಾದ ದಾರಿಯಾದ್ದರಿಂದ ರೈಲು ಬ್ರೇಕು ಹಿಡಿದುಕೊಂಡೇ ತೆವಳುತ್ತದೆ. ಇಷ್ಟು ದಾರಿ ಸವೆಸಲು ಎರಡು ಗಂಟೆಗೂ ಹೆಚ್ಚು ಬೇಕು. ಹತ್ತುವ ಗಾಡಿಗಂತೂ ಹಿಂದಿನಿಂದ ನೂಕಲು ಹೆಚ್ಚುವರಿ ಎಂಜಿನ್ ಕಟ್ಟಬೇಕು.

ಈ ದಾರಿಯ ಚೆಲುವಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. 2021ರ ಜುಲೈನಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳೂ ಇಲ್ಲಿ ಓಡುತ್ತಿವೆ. ಆದರೆ ಅದೇ ಎರಡು ಗಂಟೆಯಲ್ಲಿ ನೂರಾರು ಪ್ರಯಾಣಿಕರು ಬೋಗಿಯ ತುದಿಯ ಆ ಸಣ್ಣ ಬಾಗಿಲು ತೆರೆದು ಒಳಹೋಗಿ ಬರುತ್ತಾರೆ. ಅವರು ಅಲ್ಲಿ ಬಿಟ್ಟುಬಂದದ್ದು ಎಲ್ಲಿಗೆ ಹೋಯಿತು? ಕಿಟಕಿಯಾಚೆಯ ಕಾಡನ್ನು ಮೆಚ್ಚುವ ನಾವು ಈ ಪ್ರಶ್ನೆಯನ್ನೂ ಅಷ್ಟೇ ಆಸಕ್ತಿಯಿಂದ ಕೇಳಬೇಕು. ಏಕೆಂದರೆ ಆ ಕಾಡು ಉಳಿಯುವುದಕ್ಕೂ ಈ ಪ್ರಶ್ನೆಯ ಉತ್ತರಕ್ಕೂ ನೇರ ಸಂಬಂಧವಿದೆ.

ನೀರು ಹಂಚುವ ಬೆಟ್ಟ

ಸಕಲೇಶಪುರ–ಆಲೂರಿನ ಗುಡ್ಡಗಳು ನೀರನ್ನು ಎರಡು ಕಡಲಿಗೆ ಹಂಚುವ ಗುಡ್ಡಗಳು. ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಇದನ್ನೇ ಸಾರುವ ಕಲ್ಲೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ. ಪೂರ್ವದ ನೀರು ಹೇಮಾವತಿ ಸೇರಿ ಗೊರೂರು ಅಣೆಕಟ್ಟೆಯಲ್ಲಿ ನಿಂತು, ಮುಂದೆ ಕಾವೇರಿಯಾಗುತ್ತದೆ. ಪಶ್ಚಿಮದ ಹಳ್ಳಗಳು ಕೆಂಪುಹೊಳೆ, ಕುಮಾರಧಾರೆಗಳ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತವೆ. ತುಂಬೆಯ ಕಿಂಡಿ ಅಣೆಕಟ್ಟೆಯಲ್ಲಿ ಅದೇ ನೇತ್ರಾವತಿಯನ್ನು ತಡೆದು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಾರೆ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ ಮತ್ತು ಸುತ್ತಲಿನ ಹಳ್ಳಗಳ ನೀರನ್ನು ಮೇಲೆತ್ತಿ ಬಯಲುಸೀಮೆಗೆ ಹರಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿದೆ. ಅಂದರೆ ಕೋಲಾರ, ಚಿಕ್ಕಬಳ್ಳಾಪುರಗಳ ಜನರೂ ಇನ್ನು ಮುಂದೆ ಈ ಬೆಟ್ಟಗಳ ನೀರಿನ ಪಾಲುದಾರರು.

ರೈಲು ಹಾದುಹೋಗುವುದು ಈ ನೀರಿನ ತಲೆಯ ಮೇಲೆ. ಘಾಟಿಯ ಸೇತುವೆಗಳ ಕೆಳಗೆ ಹರಿಯುವುದು ಇನ್ನೂ ಯಾವ ಊರನ್ನೂ ಮುಟ್ಟದ, ಯಾವ ಚರಂಡಿಯನ್ನೂ ಸೇರಿಸಿಕೊಳ್ಳದ ಹಳ್ಳಗಳು. ಬಯಲಿನಲ್ಲಾದರೆ ಹಳಿಗೆ ಬಿದ್ದದ್ದು ಬಿಸಿಲಿಗೆ ಒಣಗಿ ಅಲ್ಲೇ ಮಣ್ಣಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡದ ಈ ಇಳಿಜಾರಿನಲ್ಲಿ ಅದಕ್ಕೆ ಆ ಸಮಯವೇ ಇಲ್ಲ. ಬಿದ್ದದ್ದು ಬಿದ್ದ ಹಾಗೆ ಹಳ್ಳಕ್ಕೆ ಇಳಿಯುತ್ತದೆ.

ಹಳಿಯೇ ಗುಂಡಿಯಾಗಿದ್ದ ಕಾಲ

ನಮ್ಮ ದೇಶದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು 1853ರ ಏಪ್ರಿಲ್ 16ರಂದು, ಬೋರಿಬಂದರ್‌ನಿಂದ ಠಾಣೆಗೆ. ಆಮೇಲೆ ಅರ್ಧ ಶತಮಾನ ಕಳೆದರೂ ಕೆಳದರ್ಜೆಯ ಬೋಗಿಗಳಲ್ಲಿ ಕಕ್ಕಸು ಇರಲಿಲ್ಲ. ಗಾಡಿ ನಿಂತಲ್ಲಿ ಇಳಿದು, ಹೊರಡುವ ಮುನ್ನ ಓಡಿಬಂದು ಹತ್ತಿಕೊಳ್ಳಬೇಕಿತ್ತು. 1909ರಲ್ಲಿ ಬಂಗಾಳದ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕರು ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಅಹ್ಮದ್‌ಪುರ ನಿಲ್ದಾಣದಲ್ಲಿ ಇಳಿದಿದ್ದರು. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿಬಿಟ್ಟ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿದ ಅವರು ಪ್ಲಾಟ್‌ಫಾರಂ ಮೇಲೆ ಎಲ್ಲರೆದುರು ಬಿದ್ದರು, ಗಾಡಿ ಹೊರಟುಹೋಯಿತು. ಸಾಹಿಬ್‌ಗಂಜ್ ವಿಭಾಗೀಯ ಕಚೇರಿಗೆ ಅವರು ಬರೆದ ದೂರಿನ ಕಾಗದ ಇಂದಿಗೂ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಸಾಮಾನ್ಯ ಬೋಗಿಗಳಿಗೆ ಕಕ್ಕಸು ಬರಲು ಆ ಕಾಗದವೇ ಕಾರಣವೆಂಬ ಪ್ರತೀತಿಯಿದೆ. ಅದನ್ನು ಓದಿ ನಗುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ನಡುಬೀದಿಯಲ್ಲಿ ಮಾನ ಕಳೆದುಕೊಂಡ ಮನುಷ್ಯನೊಬ್ಬ ಸುಮ್ಮನಿರದೆ ನ್ಯಾಯ ಕೇಳಿದ ರೀತಿ.

ಹಾಗೆ ಬಂದ ಕಕ್ಕಸು ಪ್ರಯಾಣಿಕರ ಮಾನ ಉಳಿಸಿತು, ಆದರೆ ಹೊಲಸನ್ನು ಹಳಿಗೆ ದಾಟಿಸಿತು. ಬಟ್ಟಲಿನ ಕೆಳಗೆ ಒಂದು ಕೊಳವೆ, ಕೊಳವೆಯ ಕೆಳಗೆ ನೇರವಾಗಿ ಜಲ್ಲಿಕಲ್ಲು. ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ 1979ರಲ್ಲಿ ಪೂರ್ತಿಯಾದಾಗಲೂ ಇದ್ದದ್ದು ಅದೇ ವ್ಯವಸ್ಥೆ. ಬ್ರಾಡ್‌ಗೇಜ್ ಆಗಿ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡಲು ಶುರುವಾದಾಗಲೂ ಅದೇ. ನಿಲ್ದಾಣದಲ್ಲಿ ಗಾಡಿ ನಿಂತಾಗ ಬಳಸಬೇಡಿ ಎಂಬ ಬರಹವನ್ನು ಓದಿ ಬೆಳೆದವರು ನಾವು. ನಿಲ್ದಾಣ ಚೊಕ್ಕಟವಾಗಿರಲಿ ಎಂಬುದಷ್ಟೇ ಅದರ ಕಾಳಜಿ. ನಿಲ್ದಾಣದಾಚೆಯ ಹಳಿ ಯಾರದೂ ಅಲ್ಲವೆಂಬ ಭಾವನೆ ಅದರಲ್ಲಿ ಅಡಗಿತ್ತು.

ಹಳಿ ಯಾರದೂ ಅಲ್ಲದಿರಲಿಲ್ಲ. ಅದರ ಮೇಲೆ ದಿನವೂ ನಡೆಯುವ ಗ್ಯಾಂಗ್‌ಮನ್‌ಗಳಿದ್ದಾರೆ, ಕೀಮ್ಯಾನ್‌ಗಳಿದ್ದಾರೆ. ಮಳೆಗಾಲದ ರಾತ್ರಿಯಲ್ಲಿ ಗುಡ್ಡ ಜರಿದಿದೆಯೇ, ಮರ ಬಿದ್ದಿದೆಯೇ ಎಂದು ಟಾರ್ಚು ಹಿಡಿದು ಹಳಿಯುದ್ದಕ್ಕೂ ನಡೆದು ನೋಡುವ ಗಸ್ತಿನವರಿದ್ದಾರೆ. 2018ರ ಆಗಸ್ಟಿನಲ್ಲಿ ಈ ಘಾಟಿಯಲ್ಲಿ ಹತ್ತಾರು ಕಡೆ ಗುಡ್ಡ ಕುಸಿಯಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಮತ್ತು ಯಡಕುಮೇರಿ ನಿಲ್ದಾಣಗಳ ನಡುವೆ ಮತ್ತೆ ಕುಸಿದು ಸಂಚಾರ ನಿಂತಿತು. ಅಂಥ ಹೊತ್ತಿನಲ್ಲೆಲ್ಲ ಮಣ್ಣಿನಲ್ಲಿ ನಿಂತು ಹಳಿ ಉಳಿಸಿದವರು ಇವರೇ. ಸುರಂಗದೊಳಗೆ ಗಾಡಿ ಬಂದರೆ ಗೋಡೆಯ ಗೂಡಿನಲ್ಲಿ ಒತ್ತಿಕೊಂಡು ನಿಲ್ಲಬೇಕಾದ ಕೆಲಸ ಅವರದು. ಮೇಲಿನ ಕೊಳವೆಗಳಿಂದ ಏನು ಸಿಡಿದರೂ ಸರಿದು ನಿಲ್ಲಲು ಅಲ್ಲಿ ಜಾಗವಿರಲಿಲ್ಲ. ಕೈಯಲ್ಲಿ ಹಿಡಿಯಬೇಕಾದ ಕ್ಲಿಪ್ಪು, ಬಗ್ಗಿ ನೋಡಬೇಕಾದ ಸ್ಲೀಪರ್ ಎಲ್ಲವೂ ಆ ಹೊಲಸಿನಲ್ಲೇ ಅದ್ದಿರುತ್ತಿದ್ದವು.

ಹಳಿಗೂ ಕೇಡು ತಪ್ಪಲಿಲ್ಲ. ಮಲಮೂತ್ರದ ಲವಣ ಮತ್ತು ತೇವ ಸೇರಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಹಳಿಯ ಬುಡವನ್ನು ಸ್ಲೀಪರಿಗೆ ಬಿಗಿಯುವ ಕ್ಲಿಪ್ಪು ಮತ್ತು ಲೈನರ್ ಕೂರುವ ಜಾಗವೇ ಮೊದಲು ತಿನ್ನಿಸಿಕೊಳ್ಳುವುದು. ಮೇಲಿನಿಂದ ನೋಡಿದರೆ ಹಳಿ ಗಟ್ಟಿಯಾಗಿಯೇ ಕಾಣುತ್ತದೆ, ಬುಡ ಸವೆದಿರುತ್ತದೆ. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ನೇತೃತ್ವದ ರೈಲ್ವೆ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ ಇದನ್ನು ಸುರಕ್ಷತೆಯ ವಿಷಯವಾಗಿಯೇ ಎತ್ತಿತು. ದೇಶದ ಹಳಿಗಳ ಮೇಲೆ ದಿನಕ್ಕೆ ಸುಮಾರು 4,000 ಟನ್ ಮಲ ಬೀಳುತ್ತದೆಂದು ಮಹಾಲೇಖಪಾಲರ (ಸಿಎಜಿ) ವರದಿ ಅದೇ ಸುಮಾರಿಗೆ ಅಂದಾಜಿಸಿತ್ತು.

ಇದೆಲ್ಲಕ್ಕಿಂತ ದೊಡ್ಡದು ಮನುಷ್ಯರ ಪ್ರಶ್ನೆ. ನಿಲ್ದಾಣಗಳಲ್ಲಿ ಹಳಿಗೆ ಬಿದ್ದದ್ದನ್ನು ತೆಗೆಯುವವರು ಯಾರು? ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕದಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಗಟ್ಟಿಯಾದ ಹೆಜ್ಜೆ ಇಟ್ಟಿದ್ದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ಅದೇ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ಸಮುದಾಯದಿಂದ ಬಂದ ಬೆಜವಾಡ ವಿಲ್ಸನ್ ತಮ್ಮ ಬದುಕನ್ನೇ ಈ ಹೋರಾಟಕ್ಕೆ ಕೊಟ್ಟರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರಲ್ಲಿ ಮಲ ಹೊರಿಸುವುದರ ವಿರುದ್ಧ ಹೊಸ ನಿಷೇಧ ಕಾಯ್ದೆ ಬಂದರೆ, 2014ರ ಮಾರ್ಚಿನಲ್ಲಿ ವಿಲ್ಸನ್ ಅವರ ಸಂಘಟನೆಯಾದ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಳಿಗಳ ಮೇಲಿನ ಈ ಕೆಲಸ ಕೊನೆಗಾಣಿಸಲು ರೈಲ್ವೆ ಕಾಲಮಿತಿಯ ಯೋಜನೆ ಹಾಕಿಕೊಳ್ಳಬೇಕೆಂದು ಹೇಳಿತು. ಬೋಗಿಯ ಅಡಿಯಲ್ಲಿ ಟ್ಯಾಂಕು ಬಂದದ್ದು ಬರೀ ಎಂಜಿನಿಯರುಗಳ ಜಾಣ್ಮೆಯಿಂದಲ್ಲ. ಅದರ ಹಿಂದೆ ಈ ಹೋರಾಟಗಳ ಒತ್ತಾಯವೂ ಇದೆ.

ಕಡಲಿನವರ ನಿಯಮ

ಚಲಿಸುವ ವಾಹನದಲ್ಲಿ ಕಕ್ಕಸು ಇಟ್ಟುಕೊಳ್ಳುವ ಕಷ್ಟವನ್ನು ರೈಲಿಗಿಂತ ಮೊದಲು ಅನುಭವಿಸಿದವರು ಹಡಗಿನವರು. ಈಗಲೂ ಸಣ್ಣ ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಕಡಲ ಮೇಲಿರುವವರಿಗೆ ಕಕ್ಕಸಿನ ಯಂತ್ರ ಬಿಚ್ಚಿ ಜೋಡಿಸಲು ಬರಲೇಬೇಕು. ಅಲ್ಲಿ ಫ್ಲಶ್ ಎಂದರೆ ಕೈಪಂಪು. ಸಮುದ್ರದ ನೀರನ್ನು ಒಳಗೆಳೆದು, ಬಟ್ಟಲು ತೊಳೆದು, ಹೊರಗೆ ಅಥವಾ ಟ್ಯಾಂಕಿಗೆ ನೂಕಬೇಕು. ದೋಣಿಯ ಮೈಯಲ್ಲಿರುವ ನಲ್ಲಿಯನ್ನು ಬಳಸಿದ ಮೇಲೆ ಮುಚ್ಚಬೇಕು. ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಬಾಗಿಸಿ, ಆ ಬಾಗಿನ ನೆತ್ತಿಯಲ್ಲಿ ಗಾಳಿಕಿಂಡಿ ಇಟ್ಟಿರಬೇಕು. ಇದರಲ್ಲಿ ಎಡವಿದರೆ ಕಡಲೇ ಕಕ್ಕಸಿನ ದಾರಿಯಿಂದ ಒಳಬಂದು ದೋಣಿ ಮುಳುಗಬಹುದು. ಆದ್ದರಿಂದ ಹಾಯಿದೋಣಿಯವರು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ ಒಂದೇ: ಬಾಯಿಯಿಂದ ಒಳಗೆ ಹೋಗದ್ದು ಯಾವುದೂ ಕಕ್ಕಸಿಗೂ ಹೋಗಕೂಡದು.

ಹೊರಗೆ ಬಿಡುವುದಕ್ಕೂ ಅಲ್ಲಿ ಕಟ್ಟಳೆಗಳಿವೆ. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ನಾಲ್ಕನೆಯ ಅನುಬಂಧ 2003ರಲ್ಲಿ ಜಾರಿಗೆ ಬಂತು. ಅದರಡಿ ಬರುವ ದೊಡ್ಡ ಹಡಗುಗಳು ನುಣ್ಣಗೆ ಅರೆದು ಸೋಂಕು ಕಳೆದ ಮಲಿನವನ್ನು ದಡದಿಂದ 3 ನಾಟಿಕಲ್ ಮೈಲಿಗಿಂತ ಆಚೆ ಬಿಡಬಹುದು. ಹಾಗೆ ಮಾಡದ್ದನ್ನು ಬಿಡಬೇಕಾದರೆ 12 ನಾಟಿಕಲ್ ಮೈಲಿ ದಾಟಿರಬೇಕು, ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರಬೇಕು. ಅಷ್ಟು ಆಳ, ಅಷ್ಟು ವಿಸ್ತಾರ ಇರುವ ಸಮುದ್ರಕ್ಕೇ ಈ ಎಚ್ಚರ.

ಘಾಟಿಯ ರೈಲಿಗೆ ಅಂಥ ಹನ್ನೆರಡು ಮೈಲಿಯ ದೂರ ಎಲ್ಲಿದೆ? ಯಡಕುಮೇರಿಯ ಸೇತುವೆಯಿಂದ ಹಳ್ಳಕ್ಕೆ ಇರುವುದು ಸೇತುವೆಯ ಎತ್ತರವಷ್ಟೆ. ಹಾಗಾಗಿ ಹಡಗಿನವರಿಗಿಂತ ನಮ್ಮ ಎಚ್ಚರ ಹೆಚ್ಚಿರಬೇಕೇ ಹೊರತು ಕಡಿಮೆಯಿರಕೂಡದು.

ಬೋಗಿಯ ಹೊಟ್ಟೆಯಡಿಯ ಟ್ಯಾಂಕು

ಸಕಲೇಶಪುರದ ಪ್ಲಾಟ್‌ಫಾರಂ ಮೇಲೆ ನಿಂತು ಬೋಗಿಯ ತುದಿಯ ಕೆಳಗೆ ಬಗ್ಗಿ ನೋಡಿದರೆ, ಗಾಲಿಗಳ ಪಕ್ಕದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಚೌಕನೆಯ ಪೆಟ್ಟಿಗೆ ತೂಗುಹಾಕಿರುವುದು ಕಾಣುತ್ತದೆ. ಮೇಲಿನಿಂದ ದಪ್ಪ ಕೊಳವೆ ಬಂದು ಅದಕ್ಕೆ ಸೇರುತ್ತದೆ, ಒಂದು ಬದಿಯಿಂದ ಸಣ್ಣ ಕೊಳವೆ ಹೊರಬರುತ್ತದೆ. ಆ ಸಣ್ಣ ಕೊಳವೆಯ ತುದಿಯಿಂದ ನೀರು ಆಗಾಗ ತೊಟ್ಟಿಕ್ಕುತ್ತಿರುತ್ತದೆ. ಇದೇ ಬಯೋ ಟಾಯ್ಲೆಟ್ಟಿನ ಟ್ಯಾಂಕು.

ಇದರ ಮೂಲ ರೈಲ್ವೆಯದಲ್ಲ, ಸೈನ್ಯದ್ದು. ಸಿಯಾಚಿನ್, ಲಡಾಖ್‌ಗಳ ಹಿಮದಲ್ಲಿ ಮಲ ಕೊಳೆಯುವುದೇ ಇಲ್ಲ, ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಅಲ್ಲಿನ ಯೋಧರಿಗಾಗಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಮತ್ತು ತೇಜ್‌ಪುರದ ಪ್ರಯೋಗಾಲಯಗಳು ಚಳಿಯಲ್ಲೂ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ಹುಡುಕಿ ಬೆಳೆಸಿದವು. ಅಂಟಾರ್ಕ್ಟಿಕಾದಿಂದ ತಂದ ಜೀವಿಗಳೂ ಆ ಗುಂಪಿನಲ್ಲಿದ್ದವು. 2010ರಲ್ಲಿ ರೈಲ್ವೆ ಡಿಆರ್‌ಡಿಒದೊಂದಿಗೆ ಒಪ್ಪಂದ ಮಾಡಿಕೊಂಡಿತು. 2011ರ ಜನವರಿಯಲ್ಲಿ ಗ್ವಾಲಿಯರ್–ವಾರಾಣಸಿ ನಡುವಿನ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ ಇಂಥ ಕಕ್ಕಸುಗಳೊಂದಿಗೆ ಮೊದಲು ಹೊರಟಿತು. 2016ರ ಜುಲೈನಲ್ಲಿ ತಮಿಳುನಾಡಿನ ರಾಮೇಶ್ವರಂ–ಮಾನಾಮಧುರೈ ದಾರಿ, ಹಳಿಗೆ ಮಲ ಬೀಳದ ದೇಶದ ಮೊದಲ ಹಸಿರು ಕಾರಿಡಾರ್ ಎನಿಸಿತು. ಈಗ ದೇಶದ ಬೋಗಿಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಬಯೋ ಟಾಯ್ಲೆಟ್ಟುಗಳಿವೆ.

ಒಳಗೆ ನಡೆಯುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳುವುದು ಸುಲಭ. ಹಟ್ಟಿಯ ಪಕ್ಕದ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಗೆ ಆಗುವುದೇ ಇಲ್ಲಿ ಮಲಕ್ಕೆ ಆಗುತ್ತದೆ. ಗಾಳಿಯಾಡದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಹಂತಹಂತವಾಗಿ ಕೆಲಸ ಮಾಡುತ್ತವೆ. ಒಂದು ಗುಂಪು ಗಟ್ಟಿಯಾದದ್ದನ್ನು ಕರಗಿಸುತ್ತದೆ. ಮತ್ತೊಂದು ಅದನ್ನು ಆಮ್ಲಗಳಾಗಿ ಒಡೆಯುತ್ತದೆ. ಕೊನೆಯ ಗುಂಪು ಆ ಆಮ್ಲಗಳಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಟ್ಯಾಂಕಿನೊಳಗೆ ಅಡ್ಡಗೋಡೆಗಳಿದ್ದು, ಮಲಿನ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುವಂತೆ ಮಾಡಿರುತ್ತಾರೆ. ನಿಧಾನವೇ ಇಲ್ಲಿಯ ಗುಟ್ಟು. ಬ್ಯಾಕ್ಟೀರಿಯಾಗಳಿಗೆ ಸಮಯ ಸಿಕ್ಕಷ್ಟೂ ಕೆಲಸ ಚೊಕ್ಕ. ಅನಿಲ ಗಾಳಿಗೆ ಹೋಗುತ್ತದೆ. ಉಳಿದ ನೀರು ಕ್ಲೋರಿನ್ ಬೆರೆತು ಸಣ್ಣ ಕೊಳವೆಯಿಂದ ಹಳಿಗೆ ಇಳಿಯುತ್ತದೆ. ನಾವು ಪ್ಲಾಟ್‌ಫಾರಮಿನಿಂದ ಕಂಡ ತೊಟ್ಟು ಅದೇ.

ಹೀಗಾಗಿ ಬಯೋ ಟಾಯ್ಲೆಟ್ಟು ಬಂದಮೇಲೂ ಹಳಿಗೆ ಏನೂ ಬೀಳುವುದಿಲ್ಲ ಎನ್ನಲಾಗದು. ಮಲದ ಬದಲು ನೀರು ಬೀಳುತ್ತದೆ. ಆ ನೀರು ಎಷ್ಟು ಶುದ್ಧ ಎಂಬುದು ಟ್ಯಾಂಕಿನೊಳಗಿನ ಜೀವಿಗಳ ಆರೋಗ್ಯದ ಮೇಲೆ ನಿಂತಿದೆ. 2017ರಲ್ಲಿ ಹೊರಬಂದ ಐಐಟಿ ಮದ್ರಾಸ್‌ನ ಅಧ್ಯಯನವೊಂದು, ಈ ಟ್ಯಾಂಕುಗಳಿಂದ ಹೊರಬರುವ ನೀರು ಸಂಸ್ಕರಿಸದ ಚರಂಡಿ ನೀರಿಗಿಂತ ಉತ್ತಮವಾಗಿಲ್ಲವೆಂದು ಎಚ್ಚರಿಸಿತ್ತು. ರೈಲ್ವೆ ಅದನ್ನು ಒಪ್ಪಲಿಲ್ಲ. ಈ ವಾದ ತೀರುವ ದಾರಿ ಒಂದೇ. ಓಡುತ್ತಿರುವ ಬೋಗಿಗಳ ನೀರನ್ನು ತೆಗೆದು ಪರೀಕ್ಷಿಸುತ್ತಲೇ ಇರಬೇಕು.

ವಂದೇ ಭಾರತ್‌ನಂಥ ಹೊಸ ಗಾಡಿಗಳಲ್ಲಿ ವಿಮಾನದಲ್ಲಿರುವಂತೆ ಗಾಳಿಯ ಸೆಳೆತದಿಂದ ಎಳೆದುಕೊಳ್ಳುವ ವ್ಯಾಕ್ಯೂಮ್ ಕಕ್ಕಸುಗಳಿವೆ. ಹಳೆಯ ಬಗೆಯದು ಒಂದು ಫ್ಲಶ್‌ಗೆ 10ರಿಂದ 15 ಲೀಟರ್ ನೀರು ಬೇಡಿದರೆ ಇದಕ್ಕೆ ಅರ್ಧ ಲೀಟರ್ ಸಾಕು. ಇದರಿಂದ ಬೋಗಿಯ ನೀರು ಉಳಿಯುವುದಷ್ಟೇ ಅಲ್ಲ, ಟ್ಯಾಂಕಿಗೆ ನೀರಿನ ಹೊರೆ ಇಳಿದು ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಸಮಯ ಸಿಗುತ್ತದೆ. ಘಾಟಿಯ ದಾರಿಗೆ ನಿಜವಾಗಿ ಬೇಕಾದದ್ದು ಇಂಥದ್ದು.

ಕಟ್ಟಿಕೊಳ್ಳುವುದು ಏಕೆ?

2017ರ ಮಹಾಲೇಖಪಾಲರ ವರದಿ ಬಯೋ ಟಾಯ್ಲೆಟ್ಟುಗಳ ನಿಜಸ್ಥಿತಿಯನ್ನು ಬಿಚ್ಚಿಟ್ಟಿತು. 2016–17ರಲ್ಲಿ 613 ರೈಲುಗಳ ಸುಮಾರು 25,000 ಬಯೋ ಟಾಯ್ಲೆಟ್ಟುಗಳನ್ನು ಪರಿಶೀಲಿಸಿದಾಗ ಸಿಕ್ಕ ದೂರುಗಳು ಮತ್ತು ಲೋಪಗಳು ಹತ್ತಿರ ಹತ್ತಿರ 2 ಲಕ್ಷ. ಅದರಲ್ಲಿ ದೊಡ್ಡ ಪಾಲು ಕಟ್ಟಿಕೊಂಡದ್ದರ ಬಗ್ಗೆ. ಬೋಗಿಗಳನ್ನು ತೊಳೆದು ನೋಡಿಕೊಳ್ಳುವ ಡಿಪೊಗಳ ಪೈಕಿ ಕಟ್ಟಿಕೊಳ್ಳುವ ದೂರು ಅತಿ ಹೆಚ್ಚಾಗಿದ್ದವುಗಳಲ್ಲಿ ನಮ್ಮ ಬೆಂಗಳೂರೂ ಇತ್ತು.

ಕಟ್ಟಿಸಿದ್ದು ಏನು? ನೀರಿನ ಬಾಟಲಿ, ಗುಟ್ಕಾ ಚೀಟಿ, ಚಹದ ಲೋಟ, ಪತ್ರಿಕೆಯ ಕಾಗದ, ಬಟ್ಟೆ, ಮಕ್ಕಳ ಡಯಾಪರ್, ಸ್ಯಾನಿಟರಿ ಪ್ಯಾಡು. ನಲ್ಲಿಯಲ್ಲಿ ನೀರು ಬರುವುದೋ ಇಲ್ಲವೋ ಎಂದು ಬಾಟಲಿ ಹಿಡಿದು ಒಳಹೋದವರು ಖಾಲಿಯಾದದ್ದನ್ನು ಬಟ್ಟಲಿಗೇ ಹಾಕಿ ಬರುತ್ತಾರೆ. ಹಳೆಯ ಕಕ್ಕಸಿನಲ್ಲಿ ಅದು ಸಲೀಸಾಗಿ ಹಳಿಗೆ ಬಿದ್ದು ಹೋಗುತ್ತಿತ್ತು. ಆ ರೂಢಿಯೇ ಮುಂದುವರಿದಿದೆ. ಈಗ ಅದು ಎಲ್ಲಿಗೂ ಹೋಗುವುದಿಲ್ಲ. ಬಟ್ಟಲಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸಿಕ್ಕಿ ಕೂರುತ್ತದೆ. ಅದರ ಹಿಂದೆ ಬಂದವರದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಒಬ್ಬರ ಬಾಟಲಿಯಿಂದ ಆ ರಾತ್ರಿ ಇಡೀ ಬೋಗಿಗೆ ಒಂದು ಕಕ್ಕಸು ಇಲ್ಲವಾಗುತ್ತದೆ. ಇರುವುದೇ ಸಾಮಾನ್ಯವಾಗಿ ನಾಲ್ಕು.

ಕಟ್ಟಿಕೊಂಡರೆ ಇನ್ನೂ ಒಂದು ಅಪಾಯವಿದೆ. ಕೆಲವು ವಿನ್ಯಾಸಗಳಲ್ಲಿ ಬಟ್ಟಲಿಗೂ ಟ್ಯಾಂಕಿಗೂ ನಡುವೆ ವಾಲ್ವ್ ಇರುತ್ತದೆ. ತೀರಾ ಕಟ್ಟಿಕೊಂಡಾಗ ಅದನ್ನು ತೆರೆದು ತುಂಬಿದ್ದನ್ನು ನೇರ ಹಳಿಗೆ ಬಿಡಲು ಬರುತ್ತದೆ. ಹಾಗೆ ತೆರೆದ ಕ್ಷಣದಲ್ಲಿ ಬಯೋ ಟಾಯ್ಲೆಟ್ಟು ಮತ್ತೆ ಹಳೆಯ ಕಕ್ಕಸಾಗುತ್ತದೆ. ಅದು ಘಾಟಿಯ ಸೇತುವೆಯ ಮೇಲಾದರೆ ಪರಿಣಾಮ ಕೆಂಪುಹೊಳೆಗೆ. ತೆರೆಯದೆ ಬಿಟ್ಟರೆ ಡಿಪೊದಲ್ಲಿ ಯಾರೋ ಒಬ್ಬರು ಕೊಕ್ಕೆಯಿಂದಲೋ ಕೈಯಿಂದಲೋ ಆ ಪ್ಯಾಡನ್ನು, ಡಯಾಪರನ್ನು ಎಳೆದು ತೆಗೆಯಬೇಕು. ಮಲಕ್ಕೆ ಕೈಹಾಕುವ ಕೆಲಸವನ್ನು ಕೊನೆಗಾಣಿಸಲೆಂದು ಬಂದ ಯಂತ್ರ, ನಮ್ಮ ಒಂದು ಉದಾಸೀನದಿಂದ ಅದೇ ಕೆಲಸವನ್ನು ಇನ್ನೊಬ್ಬರಿಗೆ ಹಿಂತಿರುಗಿಸುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಕಾನೂನು, ಕೋರ್ಟು, ಪ್ರಯೋಗಾಲಯಗಳು ಸೇರಿ ಮಾಡಿದ್ದನ್ನು ಅಳಿಸಿಹಾಕಲು ಒಂದು ಬಾಟಲಿ ಸಾಕು.

ಬಳಸುವವರ ಕೈಯಲ್ಲಿ

ಬಳಸುವ ಕ್ರಮ ಕಷ್ಟದ್ದಲ್ಲ. ಕೂರುವ ಮೊದಲು ಬಟ್ಟಲಿಗೆ ಸ್ವಲ್ಪ ನೀರು ಹಾಯಿಸಿದರೆ ಮಲ ಅಂಟುವುದಿಲ್ಲ, ಆಮೇಲೆ ಕಡಿಮೆ ನೀರಿಗೇ ತೊಳೆದುಹೋಗುತ್ತದೆ. ಬಳಸಿದ ಮೇಲೆ ಫ್ಲಶ್ ಒತ್ತಿ, ಪೂರ್ತಿ ಇಳಿಯಿತೇ ಎಂದು ನೋಡಿ ಬರಬೇಕು. ಕೊಳವೆಯ ಬಾಗಿನಲ್ಲಿ ನಿಲ್ಲುವ ನೀರೇ ಟ್ಯಾಂಕಿನ ವಾಸನೆಯನ್ನು ತಡೆಯುವ ಬಾಗಿಲು. ಮೂತ್ರ ಮಾಡಿದರೂ ನೀರು ಹಾಕಬೇಕೆನ್ನುವುದು ಅದಕ್ಕೇ. ಘಾಟಿಯ ತಿರುವುಗಳಲ್ಲಿ ಬೋಗಿ ವಾಲುವುದರಿಂದ ಗೋಡೆಯ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದೇ ಇರುವುದು ಒಳ್ಳೆಯದು. ವಯಸ್ಸಾದವರು, ಮಕ್ಕಳು ಒಳಹೋದಾಗ ಮನೆಯವರೊಬ್ಬರು ಬಾಗಿಲ ಹೊರಗೆ ನಿಲ್ಲಬೇಕು. ಚಿಲಕ ಹಾಕದಿರಲು ಅದರಿಂದ ಧೈರ್ಯ ಬರುತ್ತದೆ.

ಪ್ಯಾಡು, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಒಳಗಿರುವ ಕಸದ ಡಬ್ಬಿಗೆ ಹಾಕಬೇಕು. ಡಬ್ಬಿ ತುಂಬಿದ್ದರೆ ಅಥವಾ ಇಲ್ಲದಿದ್ದರೆ ಚೀಲದಲ್ಲಿಟ್ಟುಕೊಂಡು ಇಳಿದ ಮೇಲೆ ಎಸೆಯಬೇಕು. ಹೇಳಲು ಸಂಕೋಚದ ಮಾತಿದು, ಅದಕ್ಕೇ ಯಾರೂ ಹೇಳುವುದಿಲ್ಲ. ಪ್ರವಾಸಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಅಮ್ಮಂದಿರು, ಟೀಚರುಗಳು ಬುತ್ತಿಯ ಜೊತೆಗೆ ಒಂದೆರಡು ಹಳೆಯ ಪೇಪರು, ಗಟ್ಟಿ ಕವರು ಇಟ್ಟುಕೊಳ್ಳಲು ಹೇಳಿಕೊಟ್ಟರೆ ಸಾಕು. ಸುಬ್ರಹ್ಮಣ್ಯ, ಧರ್ಮಸ್ಥಳಕ್ಕೆ ಕುಟುಂಬ ಸಮೇತ ಹೋಗುವವರೂ ಇದನ್ನು ರೂಢಿ ಮಾಡಿಕೊಳ್ಳಬಹುದು. ಘಾಟಿಯ ತಿರುವಿಗೆ ವಾಂತಿಯಾಗುವವರು ಕವರಿನಲ್ಲಿ ಮಾಡಿಕೊಂಡರೆ ಆ ಕವರನ್ನು ಬಟ್ಟಲಿಗೆ ಹಾಕದೆ ಡಬ್ಬಿಗೇ ಹಾಕಬೇಕು.

ಕಟ್ಟಿಕೊಂಡಿರುವುದು ಕಂಡರೆ ಮತ್ತೆ ಮತ್ತೆ ಫ್ಲಶ್ ಒತ್ತುವುದು ತಪ್ಪು. ನೀರು ತುಂಬಿ ಹೊರಚೆಲ್ಲುತ್ತದೆ, ಬೋಗಿಯ ನೀರೂ ಖಾಲಿಯಾಗುತ್ತದೆ. ಬೋಗಿಯಲ್ಲಿ ಶುಚಿ ಸಿಬ್ಬಂದಿ ಇದ್ದರೆ ಅವರಿಗೆ ಹೇಳಬೇಕು. ಇಲ್ಲದಿದ್ದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್ ಆ್ಯಪಿನಲ್ಲಿ ಪಿಎನ್‌ಆರ್ ಸಂಖ್ಯೆ ಕೊಟ್ಟು ದೂರು ದಾಖಲಿಸಬಹುದು. ಘಾಟಿಯೊಳಗೆ ಮೊಬೈಲ್ ಸಿಗ್ನಲ್ ಹೋಗಿಬಂದು ಮಾಡುತ್ತದೆ. ಆದ್ದರಿಂದ ಬೆಂಗಳೂರಿನಿಂದ ಬರುವವರು ಸಕಲೇಶಪುರ ಬಿಡುವ ಮೊದಲೇ, ಮಂಗಳೂರಿನಿಂದ ಬರುವವರು ಸುಬ್ರಹ್ಮಣ್ಯ ರೋಡ್ ಬಿಡುವ ಮೊದಲೇ ದೂರು ಕೊಟ್ಟುಬಿಡುವುದು ಲೇಸು.

ನೋಡಿಕೊಳ್ಳುವವರ ಕೈಯಲ್ಲಿ

ಪ್ರಯಾಣಿಕರಿಗಷ್ಟೇ ಬುದ್ಧಿ ಹೇಳಿ ಮುಗಿಸುವುದು ನ್ಯಾಯವಲ್ಲ. ನಲ್ಲಿಯಲ್ಲಿ ನೀರು ಖಚಿತವಾಗಿ ಬರುತ್ತದೆಂಬ ನಂಬಿಕೆಯಿದ್ದರೆ ಯಾರೂ ಬಾಟಲಿ ಹಿಡಿದು ಒಳಹೋಗುವುದಿಲ್ಲ. ಕಸದ ಡಬ್ಬಿ ಖಾಲಿಯಿದ್ದರೆ ಪ್ಯಾಡು ಬಟ್ಟಲಿಗೆ ಬೀಳುವುದು ಕಡಿಮೆಯಾಗುತ್ತದೆ. ಜನರಲ್ ಬೋಗಿಯಲ್ಲಿ ಕಕ್ಕಸಿನ ಬಾಗಿಲವರೆಗೂ ಜನ ಕೂತಿರುವಾಗ ಶುಚಿಯ ಮಾತು ಆಡುವುದೇ ಕಷ್ಟ. ಆ ಬೋಗಿಯ ಟ್ಯಾಂಕಿಗೆ ಬೀಳುವ ಹೊರೆಯೂ ಲೆಕ್ಕಕ್ಕಿಂತ ಹೆಚ್ಚು. ಹೆಚ್ಚು ಹೊರೆ ಎಂದರೆ ಬ್ಯಾಕ್ಟೀರಿಯಾಗಳಿಗೆ ಕಡಿಮೆ ಸಮಯ, ಕಡಿಮೆ ಸಮಯವೆಂದರೆ ಅರೆಬೆಂದ ಕೊಳೆ ನೀರು.

ಡಿಪೊದಲ್ಲಿ ಮಾಡಬೇಕಾದ ಕೆಲಸ ಕಣ್ಣಿಗೆ ಕಾಣದ್ದು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ಓಟ ಮುಗಿದ ಮೇಲೆ ಕೊಳವೆ ಸಲೀಸಾಗಿದೆಯೇ, ವಾಲ್ವ್ ಮುಚ್ಚಿದೆಯೇ ಎಂದು ನೋಡಬೇಕು. ಸಿಕ್ಕಿಕೊಂಡದ್ದನ್ನು ಹೀರಿ ತೆಗೆಯುವ ಯಂತ್ರವಿರಬೇಕು, ಮನುಷ್ಯರ ಕೈ ಒಳಗೆ ಹೋಗಕೂಡದು. ಟ್ಯಾಂಕಿನಲ್ಲಿರುವುದು ಜೀವಿಗಳು, ಅವಕ್ಕೂ ಆರೈಕೆ ಬೇಕು. ಘಾಟು ವಾಸನೆಯ ಫಿನೈಲು, ಆ್ಯಸಿಡ್ಡು ಸುರಿದು ಬಟ್ಟಲು ಬೆಳ್ಳಗೆ ಮಾಡಿದರೆ ಕೆಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಬ್ಯಾಕ್ಟೀರಿಯಾ ಸತ್ತ ಟ್ಯಾಂಕು ಮಲ ತುಂಬಿದ ಸ್ಟೀಲಿನ ಡಬ್ಬವಷ್ಟೇ. ಆಗ ಹೊಸದಾಗಿ ಬ್ಯಾಕ್ಟೀರಿಯಾ ದ್ರಾವಣ ತುಂಬಬೇಕು. ಹೊರಬರುವ ನೀರಿನ ಮಾದರಿ ತೆಗೆದು ಆಮ್ಲೀಯತೆ, ಕರಗಿದ ಕೊಳೆ, ಮಲದ ರೋಗಾಣುಗಳ ಪ್ರಮಾಣ ಅಳೆಯುತ್ತಿರಬೇಕು. ಕ್ಲೋರಿನ್ ತೀರಿದಾಗ ತುಂಬಬೇಕು. ಇದನ್ನೆಲ್ಲ ಮಾಡುವವರು ಬಹುಪಾಲು ಗುತ್ತಿಗೆ ನೌಕರರು. ಅವರಿಗೆ ಗ್ಲೌಸು, ಬೂಟು, ಲಸಿಕೆ ಮತ್ತು ತಿಂಗಳು ತಿಂಗಳು ಸರಿಯಾಗಿ ಕೈಸೇರುವ ಸಂಬಳ, ಇವೂ ಕಕ್ಕಸಿನ ನಿರ್ವಹಣೆಯ ಭಾಗವೇ.

ಘಾಟಿಗೆ ಇದಕ್ಕಿಂತ ಒಂದು ಕೈ ಹೆಚ್ಚಿನ ಕಾಳಜಿ ಬೇಕು. ಈ ಕಾಡು ಪಶ್ಚಿಮ ಘಟ್ಟಗಳ ಭಾಗ. ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪುಷ್ಪಗಿರಿ ಅಭಯಾರಣ್ಯ ಇಲ್ಲಿಂದ ದೂರವಿಲ್ಲ. ಹಳಿಯ ಮೇಲೆ ಚಾರಣ ಹೋಗುವುದನ್ನು ರೈಲ್ವೆ ನಿಷೇಧಿಸಿದೆ, ಜೀವಕ್ಕೆ ಅಪಾಯವಾದ್ದರಿಂದ ಅದು ಸರಿಯೇ. ಆದರೆ ಹೊರಗಿನವರು ಹೋಗದ ಜಾಗದಲ್ಲಿ ಏನಾಗುತ್ತಿದೆ ಎಂದು ಹೇಳುವ ಹೊಣೆ ಆಗ ರೈಲ್ವೆಯ ಮೇಲೆಯೇ ಬೀಳುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ಎರಡೂ ಕಡೆ ಗಾಡಿ ನಿಲ್ಲುವ ಹೊತ್ತಿನಲ್ಲಿ ಕಕ್ಕಸುಗಳನ್ನು ನೋಡಿ, ಡಬ್ಬಿ ಖಾಲಿ ಮಾಡುವ ಸಿಬ್ಬಂದಿ ಇರಬೇಕು. ಬೆಂಗಳೂರು–ಮಂಗಳೂರು ದಾರಿಯ ಬೋಗಿಗಳಿಗೆ ಅರ್ಧ ಲೀಟರಿನ ವ್ಯಾಕ್ಯೂಮ್ ಕಕ್ಕಸುಗಳನ್ನು ಮೊದಲ ಸಾಲಿನಲ್ಲೇ ಕೊಡಬೇಕು. ಘಾಟಿಯ ಸೇತುವೆಗಳ ಕೆಳಗಿನ ಹಳ್ಳಗಳ ನೀರನ್ನು ಮಳೆಗಾಲದ ಮೊದಲು ಮತ್ತು ನಂತರ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ತುಂಬೆಯ ನೀರು ಕುಡಿಯುವ ಮಂಗಳೂರಿಗರಿಗೂ, ಎತ್ತಿನಹೊಳೆಯ ನೀರಿಗೆ ಕಾದಿರುವ ಬಯಲುಸೀಮೆಯವರಿಗೂ ಅದನ್ನು ಕೇಳುವ ಹಕ್ಕಿದೆ.

ಕಕ್ಕಸಿನ ಮಾತು ಬಂದರೆ ಮೂಗು ಮುಚ್ಚಿಕೊಂಡು ಬೇರೆ ಮಾತಿಗೆ ಹೊರಳುವ ಅಭ್ಯಾಸ ನಮಗೆ ಹಳೆಯದು. ಆ ಅಭ್ಯಾಸದ ಬೆಲೆಯನ್ನು ಇಷ್ಟು ವರ್ಷ ಗ್ಯಾಂಗ್‌ಮನ್‌ಗಳು, ಪೌರಕಾರ್ಮಿಕರು ಮತ್ತು ಘಾಟಿಯ ಹಳ್ಳಗಳು ತೆತ್ತಿವೆ. ಈಗ ಬೋಗಿಯಡಿಯಲ್ಲಿ ಒಂದು ಒಳ್ಳೆಯ ಉಪಾಯ ತೂಗಾಡುತ್ತಿದೆ. ಅದು ಕೆಲಸ ಮಾಡಬೇಕಾದರೆ ಡಿಪೊದವರು ತಮ್ಮ ಪಾಲನ್ನು ಪ್ರತಿದಿನ ಮಾಡಬೇಕು, ಪ್ರಯಾಣಿಕರಾದ ನಾವು ನಮ್ಮ ಪಾಲನ್ನು ಪ್ರತಿಸಲ ಮಾಡಬೇಕು. ಎರಡರಲ್ಲಿ ಯಾವುದೊಂದು ತಪ್ಪಿದರೂ ಇನ್ನೊಂದು ವ್ಯರ್ಥ. ಮುಂದಿನ ಸಲ ಘಾಟಿ ಇಳಿಯುವ ಗಾಡಿಯಲ್ಲಿ ಕೈಯಲ್ಲೊಂದು ಖಾಲಿ ಬಾಟಲಿ ಉಳಿದರೆ, ಅದನ್ನು ಚೀಲಕ್ಕೆ ಹಾಕಿಕೊಳ್ಳಿ. ಪಕ್ಕದ ಸೀಟಿನವರಿಗೂ ಏಕೆಂದು ಹೇಳಿ.